ಓತಿಕ್ಯಾತದ ತತ್ತಿಯೂ ಮಣ್ಣಿನ ಕಾವೂ

ಹುಟ್ಟುವ ಜೀವವು ಗಂಡಾಗುವದೇಕೆ, ಹೆಣ್ಣಾಗುವದೇಕೆ ಎಂಬ ಪ್ರಶ್ನೆಯು ಮನುಷ್ಯಕುಲದಷ್ಟೇ ಹಳೆಯದು. ಒಂದೊಂದು ಕಾಲದವರು ಅದಕ್ಕೆ ಒಂದೊಂದು ಉತ್ತರವನ್ನು ಕೊಟ್ಟರು. ಕೆಲವು ಉತ್ತರಗಳು ತರ್ಕದಿಂದ ಹುಟ್ಟಿದವು; ಕೆಲವು ಶ್ರದ್ಧೆಯಿಂದ ಹುಟ್ಟಿದವು; ಇನ್ನು ಕೆಲವು, ಹೇಳಲಿಕ್ಕೆ ನಾಚಿಕೆಯಾಗುವದಾದರೂ, ಮನೆಯ ಸೊಸೆಯ ಮೇಲೆ ತಪ್ಪು ಹೊರಿಸುವ ಹವ್ಯಾಸದಿಂದ ಹುಟ್ಟಿದವು. ಆ ಪ್ರಶ್ನೆಯ ದೀರ್ಘವಾದ ಇತಿಹಾಸದೊಳಗಿನ ಒಂದೇ ಒಂದು ಅಧ್ಯಾಯವನ್ನು ಇಲ್ಲಿ ವಾಚಕರ ಮುಂದಿಡಲು ಎಣಿಸಿದ್ದೇನೆ. ಅದು ಸರೀಸೃಪಗಳ ಅಧ್ಯಾಯ. ಅದರೊಳಗೆ ಸೆನೆಗಲ್ ದೇಶವೂ ಅಮೇರಿಕೆಯೂ ಕಾಶೀಕ್ಷೇತ್ರವೂ ಬರುತ್ತವೆ. ಆದರೆ ಅದರ ಒಂದು ಮುಖ್ಯ ಪುಟವು ಬರೆಯಲ್ಪಟ್ಟದ್ದು ನಮ್ಮ ಧಾರವಾಡದಲ್ಲಿ. ಆ ಪುಟದ ನಾಯಕನಾದರೋ, ನಮ್ಮ ಗುಡಗೇರಿಯ ಹೊಲಗಳ ಬೇಲಿಬೇಲಿಗೂ ಕುಳಿತು ತಲೆಯಾಡಿಸುವ ಓತಿಕ್ಯಾತ!

ಮೊದಲು ಪೂರ್ವಿಕರ ಮತವನ್ನು ನೋಡೋಣ. ನಮ್ಮ ಚರಕಸುಶ್ರುತರು ಶುಕ್ರವು ಅಧಿಕವಾದರೆ ಗಂಡೆಂದೂ ಆರ್ತವವು ಅಧಿಕವಾದರೆ ಹೆಣ್ಣೆಂದೂ ಹೇಳಿದರು. ಯವನದೇಶದ ಅರಿಸ್ಟಾಟಲನು ಕಾವನ್ನೇ ಕಾರಣವಾಗಿ ಹಿಡಿದನು. ಬೀಜದ ಉಷ್ಣವು ಗೆದ್ದರೆ ಗಂಡು, ಸೋತರೆ ಹೆಣ್ಣು ಎಂಬದು ಅವನ ಸಿದ್ಧಾಂತ. ಬಡಗಣ ಗಾಳಿ ಬೀಸುವಾಗ ಕುರಿಗಳು ಕೂಡಿದರೆ ಗಂಡುಮರಿಗಳೂ ತೆಂಕಣ ಗಾಳಿಯಲ್ಲಿ ಹೆಣ್ಣುಮರಿಗಳೂ ಹೆಚ್ಚೆಂದು ಕುರುಬರು ಹೇಳುವ ಮಾತನ್ನು ಸಹ ಅವನು ಬರೆದಿಟ್ಟಿದ್ದಾನೆ. ನಮ್ಮ ಪುರಾಣಗಳಲ್ಲಿ ಸುದ್ಯುಮ್ನನ ಕಥೆಯಿದೆ. ಬೇಟೆಯಾಡುತ್ತ ಅವನು ಶಿವಪಾರ್ವತಿಯರ ವಿಹಾರವನವನ್ನು ಹೊಕ್ಕೊಡನೆ ಹೆಣ್ಣಾದನು. ಅವನೇರಿದ ಕುದುರೆಯೂ ಹೆಣ್ಣಾಯಿತು. ಸ್ಥಳಮಹಿಮೆಯಿಂದ ಲಿಂಗವು ಬದಲಾಗಬಹುದೆಂಬ ಕಲ್ಪನೆಯು ನಮಗೆ ಹೊಸದಲ್ಲ. ಕಥೆಯನ್ನು ಕಥೆಯೆಂದೇ ಎಣಿಸೋಣ. ಆದರೂ ಮುಂದೆ ಹೇಳುವ ಸಂಗತಿಗಳನ್ನು ಓದುವಾಗ ಅದು ನೆನಪಿಗೆ ಬಾರದೆ ಇರದು.

ಇನ್ನೊಂದು ಹಳೆಯ ಮಾತು ಇದಕ್ಕಿಂತ ಹೆಚ್ಚು ಪ್ರಕೃತವಾದದ್ದು. ಗುರುವು ಶಿಷ್ಯನಿಗೆ ದೀಕ್ಷೆಯನ್ನು ಕೊಡುವ ಬಗೆಗಳನ್ನು ಹೇಳುವಾಗ ನಮ್ಮವರು ಮೂರು ದೃಷ್ಟಾಂತಗಳನ್ನು ಕೊಡುತ್ತ ಬಂದಿದ್ದಾರೆ. ಹಕ್ಕಿಯು ಸ್ಪರ್ಶದಿಂದಲೂ, ಮೀನು ನೋಟದಿಂದಲೂ, ಆಮೆಯು ಬರಿಯ ಸ್ಮರಣೆಯಿಂದಲೂ ತತ್ತಿಗಳನ್ನು ಪೋಷಿಸುತ್ತವೆ ಎಂಬದೇ ಆ ದೃಷ್ಟಾಂತ. ಇದರಲ್ಲಿ ಅವರು ಕಂಡ ಸಂಗತಿಯೊಂದು, ಅದಕ್ಕೆ ಕಟ್ಟಿದ ಕಾರಣವೊಂದು ಇವೆ. ಕಂಡ ಸಂಗತಿ ಸತ್ಯವೇ ಸರಿ. ಆಮೆಯು ದಂಡೆಯ ಮಳಲಿನಲ್ಲಿ ತತ್ತಿಗಳನ್ನು ಹೂತು ನೀರಿಗೆ ತಿರುಗಿ ಹೋಗಿಬಿಡುತ್ತದೆ; ಕೋಳಿಯಂತೆ ಕಾವಿಗೆ ಕೂಡ್ರುವದಿಲ್ಲ. ಹಾಗಾದರೆ ಕಾವು ಕೊಡುವವರು ಯಾರು? ತಾಯಿಯ ಸ್ಮರಣೆ ಎಂದು ಭಕ್ತರು ಹೇಳಿದರು. ಮಳಲು ಎಂದು ವಿಜ್ಞಾನವು ಹೇಳುತ್ತದೆ. ಆ ಮಳಲಿನ ಕಾವು ಮರಿಯನ್ನು ಬೆಳೆಯಿಸುವದಷ್ಟೇ ಅಲ್ಲ, ಅದು ಗಂಡೋ ಹೆಣ್ಣೋ ಎಂಬದನ್ನೂ ನಿಶ್ಚಯಿಸುತ್ತದೆ ಎಂಬ ಸಂಗತಿಯು ಮಾತ್ರ ೧೯೬೬ರ ವರೆಗೆ ಯಾರ ಮನಸ್ಸಿಗೂ ಹೊಳೆದಿರಲಿಲ್ಲ.

ಹೊಳೆಯದೆ ಇದ್ದುದಕ್ಕೆ ಬಲವಾದ ಕಾರಣವಿತ್ತು. ೧೯೦೫ರಲ್ಲಿ ಅಮೇರಿಕೆಯ ನೆಟ್ಟೀ ಸ್ಟೀವನ್ಸ್ ಎಂಬ ವಿದುಷಿಯು ಹಿಟ್ಟಿನ ಹುಳುವಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಗಂಡು ಹುಳದಲ್ಲಿ ಒಂದು ಜೊತೆ ವರ್ಣತಂತುಗಳು ಒಂದಕ್ಕೊಂದು ಸಮನಾಗಿಲ್ಲವೆಂದೂ, ಹುಟ್ಟುವ ಹುಳದ ಲಿಂಗವು ಇವುಗಳಿಂದಲೇ ನಿಶ್ಚಿತವಾಗುವದೆಂದೂ ತೋರಿಸಿದಳು. ಅದೇ ವರ್ಷ ವಿಲ್ಸನ್ ಎಂಬ ಪಂಡಿತನೂ ಬೇರೆ ಕೀಟಗಳಲ್ಲಿ ಇಂಥದನ್ನೇ ಕಂಡನು. ಮುಂದೆ ಮನುಷ್ಯನಲ್ಲಿಯೂ ಹೀಗೆಯೇ ಎಂದು ತಿಳಿಯಿತು. ತಾಯಿಯು ಕೊಡುವದು ಯಾವಾಗಲೂ ಎಕ್ಸ್ ಎಂಬ ತಂತುವನ್ನು. ತಂದೆಯು ಎಕ್ಸನ್ನು ಕೊಟ್ಟರೆ ಹೆಣ್ಣು, ವೈಯನ್ನು ಕೊಟ್ಟರೆ ಗಂಡು. ಹಕ್ಕಿಗಳಲ್ಲಿ ಇದು ತಿರುಗುಮುರುಗಾಗಿದ್ದು ತಾಯಿಯ ತಂತುವೇ ನಿರ್ಣಾಯಕ. ಹೇಗಾದರೂ ಗರ್ಭಾಧಾನದ ಕ್ಷಣದಲ್ಲಿಯೇ ತೀರ್ಪು ಆಗಿಹೋಗುತ್ತದೆ, ತರುವಾಯದ ಚಳಿಬಿಸಿಲುಗಳಿಗೆ ಅಲ್ಲಿ ಮಾತಿಲ್ಲ ಎಂಬ ಸಿದ್ಧಾಂತವು ನೆಲೆಗೊಂಡಿತು. ಅರಿಸ್ಟಾಟಲನ ಉಷ್ಣವಾದವು ಮೂಲೆಗುಂಪಾಯಿತು.

ಹೀಗಿರಲು, ಪಶ್ಚಿಮ ಆಫ್ರಿಕೆಯ ಡಾಕಾರ ಪಟ್ಟಣದಲ್ಲಿ ಮಾಡ್ಲೆನ್ ಶಾರ್ನಿಯೆ ಎಂಬ ಫ್ರೆಂಚ್ ವಿದುಷಿಯು ಅಗಾಮ ಎಂಬ ಹಲ್ಲಿಯ ತತ್ತಿಗಳನ್ನು ಬೇರೆಬೇರೆ ಕಾವುಗಳಲ್ಲಿ ಇರಿಸಿ ಮರಿ ಮಾಡಿಸುತ್ತಿದ್ದಳು. ತಂಪಿನಲ್ಲಿದ್ದ ತತ್ತಿಗಳಿಂದ ಹೆಚ್ಚುಕಡಿಮೆ ಎಲ್ಲ ಹೆಣ್ಣುಗಳೂ, ಕೆಲವೇ ಅಂಶ ಹೆಚ್ಚಿನ ಬಿಸಿಯಲ್ಲಿದ್ದ ತತ್ತಿಗಳಿಂದ ಗಂಡುಗಳೂ ಆದವು. ೧೯೬೬ರಲ್ಲಿ ಅವಳು ಇದನ್ನು ಆ ಪ್ರಾಂತದ ಒಂದು ಜೀವಶಾಸ್ತ್ರ ಮಂಡಲಿಯ ಪತ್ರಿಕೆಯಲ್ಲಿ ಪ್ರಕಟಿಸಿದಳು. ದೊಡ್ಡ ಊರುಗಳ ವಿದ್ವಾಂಸರ ಕಣ್ಣಿಗೆ ಅದು ಬಹುದಿನ ಬೀಳಲಿಲ್ಲ. ಈ ಅಗಾಮವು ನಮ್ಮ ಓತಿಕ್ಯಾತದ ದಾಯಾದಿಯೇ. ಎರಡೂ ಒಂದೇ ಮನೆತನದವು ಎಂಬದನ್ನು ವಾಚಕರು ನೆನಪಿನಲ್ಲಿಡಬೇಕು.

ಕೆಲವು ವರ್ಷಗಳ ತರುವಾಯ ಫ್ರಾನ್ಸಿನಲ್ಲಿ ಕ್ಲೋಡ್ ಪಿಯೊ ಎಂಬವನು ಆಮೆಗಳಲ್ಲಿ ಅಂಥದೇ ಫಲವನ್ನು ಕಂಡನು. ಆದರೆ ಆಕ್ಷೇಪಣೆ ಎತ್ತುವವರು ಸುಮ್ಮನಿರಲಿಲ್ಲ. ಕಾವಿನಿಂದ ಲಿಂಗವು ಬದಲಾಯಿತೆಂದು ಏಕೆ ತಿಳಿಯಬೇಕು? ಬಿಸಿಯನ್ನು ತಾಳದೆ ಗಂಡು ಪಿಂಡಗಳು ತತ್ತಿಯಲ್ಲಿಯೇ ಸತ್ತು ಹೆಣ್ಣುಗಳಷ್ಟೇ ಉಳಿದಿರಬಹುದಲ್ಲ? ಪ್ರಯೋಗಶಾಲೆಯ ಪೆಟ್ಟಿಗೆಯಲ್ಲಿ ಆದುದು ನದಿಯ ದಂಡೆಯಲ್ಲಿಯೂ ಆಗುವದೆಂದು ಹೇಳುವದು ಹೇಗೆ? ಈ ಎರಡೂ ಪ್ರಶ್ನೆಗಳಿಗೆ ೧೯೭೯ರಲ್ಲಿ ಅಮೇರಿಕೆಯ ಬುಲ್ ಮತ್ತು ವೋಗ್ಟ್ ಎಂಬವರು ಉತ್ತರ ಕೊಟ್ಟರು. ಅವರ ತತ್ತಿಗಳಲ್ಲಿ ಸತ್ತವು ಬಹಳ ಕಡಿಮೆ. ಆದುದರಿಂದ ಸಾವಿನ ಮಾತು ನಿಲ್ಲಲಿಲ್ಲ. ನಿಸರ್ಗದಲ್ಲಿಯ ಆಮೆಯ ಗೂಡುಗಳನ್ನು ಪರೀಕ್ಷಿಸಲಾಗಿ, ಬಿಸಿಲಿಗೆ ತೆರೆದ ಗೂಡುಗಳಲ್ಲಿ ಹೆಣ್ಣುಗಳೂ ನೆರಳಿನ ಗೂಡುಗಳಲ್ಲಿ ಗಂಡುಗಳೂ ಸಿಕ್ಕವು. ೧೯೮೨ರಲ್ಲಿ ಫರ್ಗ್ಯುಸನ್ ಮತ್ತು ಜೊವಾನೆನ್ ಎಂಬವರು ಅಮೇರಿಕೆಯ ಮೊಸಳೆಯಲ್ಲಿ ಇದಕ್ಕೆ ವಿರುದ್ಧವಾದ ಕ್ರಮವನ್ನು ತೋರಿಸಿದರು: ೩೦ ಅಂಶ ಸೆಂಟಿಗ್ರೇಡಿಗೆ ಕೆಳಗೆ ಹೆಣ್ಣು, ೩೪ಕ್ಕೆ ಮೇಲೆ ಗಂಡು. ಹೀಗೆ ಡಾಕಾರದ ಆ ಚಿಕ್ಕ ಲೇಖವು ಹದಿನಾರು ವರ್ಷಗಳಲ್ಲಿ ಒಂದು ಶಾಸ್ತ್ರಕ್ಕೆ ತಳಹದಿಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಕಾವಿನ ಅಧಿಕಾರವು ತತ್ತಿಯೊಳಗಿನ ಪೂರ್ಣಕಾಲದಲ್ಲಿ ನಡೆಯುವದಿಲ್ಲ. ಕಾವಿನ ಅವಧಿಯನ್ನು ಮೂರು ಪಾಲು ಮಾಡಿದರೆ ಸುಮಾರಾಗಿ ನಡುವಿನ ಪಾಲಿನಲ್ಲಿ ಮಾತ್ರ ಪಿಂಡವು ಅದಕ್ಕೆ ಕಿವಿಗೊಡುತ್ತದೆ. ಎರಡನೆಯದು, ಬಿಸಿಯೆಂದರೆ ಗಂಡು, ತಂಪೆಂದರೆ ಹೆಣ್ಣು ಎಂಬ ಒಂದೇ ಸೂತ್ರವು ಎಲ್ಲೆಡೆ ಸಲ್ಲುವದಿಲ್ಲ. ಹಲವು ಆಮೆಗಳಲ್ಲಿ ಬಿಸಿಯಿಂದ ಹೆಣ್ಣು. ಕೆಲವು ಪ್ರಾಣಿಗಳಲ್ಲಿ ತಂಪಿಗೂ ಹೆಣ್ಣು, ಅತಿ ಬಿಸಿಗೂ ಹೆಣ್ಣು, ನಡುವೆ ಮಾತ್ರ ಗಂಡು. ಅರಿಸ್ಟಾಟಲನ ಮಾತು ಮೂಲೆಯಿಂದ ಎದ್ದು ಬಂದಿತಾದರೂ ಸಿಂಹಾಸನವೇನೂ ಅದಕ್ಕೆ ದೊರೆಯಲಿಲ್ಲ.

ನಮ್ಮ ದೇಶದಲ್ಲಿ ಈ ವಿದ್ಯೆಯು ಬೇಗನೆ ಬೇರೂರಿತು. ಓಡಿಸಾ ಪ್ರಾಂತದ ಕಡಲತಡಿಗೆ ಬಂದು ತತ್ತಿಯಿಡುವ ಕಡಲಾಮೆಗಳ ಮೇಲೆ ಉತ್ಕಲ ವಿಶ್ವವಿದ್ಯಾಲಯದ ಪ್ರಿಯಂವದಾ ಮೊಹಂತಿ ಹೆಜ್ಮಾದಿಯವರು ವಿದೇಶದ ಸಹೋದ್ಯೋಗಿಯೊಬ್ಬರೊಡನೆ ಕೆಲಸ ಮಾಡಿ ೧೯೮೩ರಲ್ಲಿ ಪ್ರಕಟಿಸಿದರು. ಚೆನ್ನೈಯ ಹತ್ತಿರ ೧೯೭೬ರಲ್ಲಿ ಸ್ಥಾಪಿತವಾದ ಮೊಸಳೆಗಳ ಪೋಷಣಕೇಂದ್ರದಲ್ಲಿ ಲ್ಯಾಂಗ್, ಆಂಡ್ರೂಸ್, ವ್ಹಿಟೇಕರ್ ಎಂಬ ಮೂವರು ನಮ್ಮ ಹೊಳೆಗಳ ಮೊಸಳೆಯನ್ನೇ ಪರೀಕ್ಷಿಸಿ ೧೯೮೯ರಲ್ಲಿ ಬರೆದರು. ೨೮ರಿಂದ ೩೧ ಅಂಶದ ವರೆಗೆ ಹುಟ್ಟಿದವೆಲ್ಲ ಹೆಣ್ಣು. ೩೨೧/೨ ಅಂಶಕ್ಕೆ ಗಂಡು. ೩೩ಕ್ಕೆ ಮತ್ತೆ ಮಿಶ್ರ. ಒಂದೂವರೆ ಅಂಶದ ಅಂತರದಲ್ಲಿ ಒಂದು ಗೂಡಿನ ಮರಿಗಳೆಲ್ಲವೂ ಈ ಕಡೆಯಿಂದ ಆ ಕಡೆಗೆ! ದಾಂಡೇಲಿಯ ಕಾಳೀನದಿಯಲ್ಲಿ ಬಿಸಿಲಿಗೆ ಬಾಯ್ದೆರೆದು ಮಲಗುವ ಮೊಸಳೆಗಳನ್ನು ನಮ್ಮ ಭಾಗದವರು ಅನೇಕರು ಕಂಡಿದ್ದಾರೆ. ಅವೂ ಈ ಜಾತಿಯವೇ.

ಇನ್ನು ನಮ್ಮ ಓತಿಕ್ಯಾತಕ್ಕೆ ಬರೋಣ. ಸಂಸ್ಕೃತದಲ್ಲಿ ಇದಕ್ಕೆ ಕೃಕಲಾಸವೆಂದು ಹೆಸರು. ನೃಗಮಹಾರಾಜನು ದಾನದಲ್ಲಿ ಆದ ದೋಷದಿಂದ ಹಾಳುಬಾವಿಯಲ್ಲಿ ಕೃಕಲಾಸವಾಗಿ ಬಿದ್ದಿದ್ದನೆಂದು ಭಾಗವತವು ಹೇಳುತ್ತದೆ. ೧೮೦೨ರಲ್ಲಿ ದೋದೆಂ ಎಂಬ ಫ್ರೆಂಚ್ ಪಂಡಿತನು ಬಣ್ಣ ಬದಲಿಸುವದೆಂಬ ಅರ್ಥದ ಲ್ಯಾಟಿನ್ ಹೆಸರನ್ನು ಇದಕ್ಕಿಟ್ಟನು. ನಮ್ಮ ಜನರು ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂದು ಗಾದೆ ಕಟ್ಟಿದರು. ಹುಡುಗರು ಕಲ್ಲು ಬೀಸಿದರು. ಯಾರೂ ಗೌರವಿಸದ ಪ್ರಾಣಿ ಇದು. ಮಳೆಗಾಲ ಹಿಡಿದು ಎರೆಯ ನೆಲವು ಹದವಾಗಲು, ಹೆಣ್ಣು ಓತಿಯು ಬದುವಿನ ಬದಿಯಲ್ಲಿ ಕಾಲಿನಿಂದ ಮಣ್ಣು ತೋಡಿ, ತತ್ತಿಗಳನ್ನಿಟ್ಟು, ತಿರುಗಿ ಮಣ್ಣೆಳೆದು, ಮೂತಿಯಿಂದ ಒತ್ತಿ ಒತ್ತಿ ಗುರುತು ಕಾಣದಂತೆ ಮಾಡಿ ಹೋಗುತ್ತದೆ. ಆಮೆಯಂತೆಯೇ ಅದೂ ಹಿಂದಿರುಗಿ ನೋಡುವದಿಲ್ಲ. ತಾಯಿಯಾಗಿ ಅದು ಮಾಡುವ ಆಯ್ಕೆಯೆಂದರೆ ಸ್ಥಳದ್ದೊಂದೇ.

ಈ ಪ್ರಾಣಿಯ ಜೀವಕೋಶದಲ್ಲಿ ೩೪ ವರ್ಣತಂತುಗಳಿವೆ. ಆದರೆ ಗಂಡಿಗೂ ಹೆಣ್ಣಿಗೂ ಅವುಗಳಲ್ಲಿ ಕಣ್ಣಿಗೆ ಬೀಳುವ ಭೇದವಿಲ್ಲ. ಹಾಗಾದರೆ ಲಿಂಗವನ್ನು ನಿಶ್ಚಯಿಸುವದು ಯಾವುದು? ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಗಣೇಶ ಮತ್ತು ರಾಮನ್ ಎಂಬವರು ಇದನ್ನು ಪರೀಕ್ಷಿಸಿ ೧೯೯೫ರಲ್ಲಿ ಒಂದು ನಿರ್ಣಯವನ್ನು ಪ್ರಕಟಿಸಿದರು. ಗಂಡುತನದ ರಸವಾದ ಟೆಸ್ಟೋಸ್ಟಿರೋನನ್ನು ತತ್ತಿಗೆ ಕೊಟ್ಟರೆ ಲಿಂಗವು ತಿರುಗುತ್ತದೆ. ಹೆಣ್ತನದ ರಸದಿಂದಾಗಲಿ ಕಾವಿನಿಂದಾಗಲಿ ತಿರುಗುವದಿಲ್ಲ ಎಂದು. ಆದುದರಿಂದ ಓತಿಯು ಶಾರ್ನಿಯೆಯ ಹಲ್ಲಿಯ ದಾಯಾದಿಯಾದರೂ ಅದರ ದಾರಿಯನ್ನು ಹಿಡಿದಿಲ್ಲವೆಂದು ತೋರಿತು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ೧೯೪೯ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದದ್ದು ಸರ್ವಶ್ರುತವಾಗಿದೆ. ಅದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಶ್ರೀನಿವಾಸ ಸೈದಾಪುರ, ಭಾಗ್ಯಶ್ರೀ ಶಾನಭಾಗ ಮೊದಲಾದವರು ಬೇಲಿಯ ಈ ಪ್ರಾಣಿಯ ಸಂತಾನಕ್ರಮವನ್ನು ವರ್ಷಾನುಗಟ್ಟಲೆ ಶ್ರದ್ಧೆಯಿಂದ ಅಭ್ಯಸಿಸಿದರು. ತಾಯಿಯ ಗಾತ್ರಕ್ಕೂ ತತ್ತಿಗಳ ತೂಕಕ್ಕೂ ಇರುವ ಸಂಬಂಧವೇನು, ಮಣ್ಣಿನ ತೇವವೂ ಕಾವೂ ಪಿಂಡವನ್ನು ಹೇಗೆ ಬಾಧಿಸುವವು ಎಂಬಂಥ ಪ್ರಶ್ನೆಗಳು ಅಲ್ಲಿ ಬಗೆಹರಿಯುತ್ತ ಬಂದವು. ಅದೇ ವಿಭಾಗದ ಲಕ್ಷ್ಮೀ ಇನಾಮದಾರ ದೊಡ್ಡಮನಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಿ. ಶೇಷಗಿರಿಯವರೊಡನೆಯೂ ವಿ. ವಾಣಿಯವರೊಡನೆಯೂ ಕೂಡಿ, ಓತಿಯ ತತ್ತಿಗಳನ್ನು ಅನೇಕ ಸ್ಥಿರವಾದ ಕಾವುಗಳಲ್ಲಿಟ್ಟು ಪರೀಕ್ಷಿಸಿದರು. ೨೦೧೨ರಲ್ಲಿ ಪ್ರಕಟವಾದ ಅವರ ಫಲವು ಆಶ್ಚರ್ಯಕರವಾದುದು. ಕಾವು ಏರುತ್ತ ಹೋದಂತೆ ಮೊದಲು ಹೆಣ್ಣು, ಆ ಮೇಲೆ ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು! ಬೇರೆ ಸರೀಸೃಪಗಳಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ ತಿರುಗುವ ಚಕ್ರವು ಇಲ್ಲಿ ಮೂರು ಸಲ ತಿರುಗುತ್ತದೆ. ಆದರೂ ತಮ್ಮ ಲೇಖದ ಮೇಲುಬರಹದಲ್ಲಿ ಅವರು ಇದನ್ನು ಹೊಸ ಕ್ರಮವೆಂದು ಸಾರಲಿಲ್ಲ, ಹೊಸದಾಗಿರಬಹುದಾದ ಕ್ರಮವೆಂದರು. ಈ ಸಂಯಮವು ವಿದ್ವಾಂಸರಿಗೆ ಭೂಷಣವಾದದ್ದು.

ಹಾಗಾದರೆ ಕಾಶಿಯವರು ಸರಿಯೋ, ಧಾರವಾಡದವರು ಸರಿಯೋ? ಪಾಠಶಾಲೆಯ ವಾಕ್ಯಾರ್ಥದಲ್ಲಿ ಕುಳಿತವರಿಗೆ ಗೊತ್ತು, ಪರಸ್ಪರ ವಿರುದ್ಧವಾದ ಎರಡು ವಾಕ್ಯಗಳು ಎದುರಾದಾಗ ಒಂದನ್ನು ತಳ್ಳಿಹಾಕುವ ಮೊದಲು ಅವೆರಡರ ವಿಷಯವೂ ಒಂದೇ ಹೌದೋ ಅಲ್ಲವೋ ಎಂದು ವಿಚಾರಿಸಬೇಕು. ಇಲ್ಲಿಯೂ ಆ ನ್ಯಾಯವು ಸಲ್ಲುತ್ತದೆ. ಎರಡು ಶತಮಾನಗಳ ಕಾಲ ಒಂದೇ ಜಾತಿಯೆಂದು ಎಣಿಸಿದ ಈ ಓತಿಯು ಒಂದಲ್ಲ, ಹಲವು ಜಾತಿಗಳ ಸಮೂಹವೆಂದು ೨೦೨೧ರಲ್ಲಿ ವಿದ್ವಾಂಸರ ಒಂದು ತಂಡವು ಆನುವಂಶಿಕ ಪರೀಕ್ಷೆಯಿಂದ ತೋರಿಸಿತು. ದಕ್ಷಿಣದ ಓತಿಗೆ ಹಳೆಯ ಹೆಸರೇ ಉಳಿಯಿತು. ಮೂಡಣ ಮತ್ತು ಬಡಗಣ ಭಾಗಗಳ ಕೆಲವಕ್ಕೆ ಬೇರೆ ಹೆಸರುಗಳಾದವು. ಆದುದರಿಂದ ಕಾಶಿಯ ಓತಿಯೂ ಧಾರವಾಡದ ಓತಿಯೂ ಒಂದೇ ಎಂದು ಮುನ್ನಿನ ಧೈರ್ಯದಿಂದ ಈಗ ಹೇಳುವಂತಿಲ್ಲ. ವಾದವು ಮುಗಿದಿಲ್ಲ, ಆದರೆ ಅದು ಹಿಂದಿಗಿಂತ ಒಳ್ಳೆಯ ವಾದವಾಗಿದೆ.

ಧಾರವಾಡದ ಈ ಪರಂಪರೆಯು ಕಡಲನ್ನೂ ದಾಟಿತು. ಓತಿಯ ಮೇಲೆ ಇಲ್ಲಿಯೇ ಕೆಲಸ ಮಾಡಿ ಪಳಗಿದ ರಾಜಕುಮಾರ ರಡ್ಡೇರ ಎಂಬವರು ಆಸ್ಟ್ರೇಲಿಯಾದ ಸಿಡ್ನಿಗೆ ಹೋಗಿ, ರಿಕ್ ಶೈನ್ ಎಂಬ ಪಂಡಿತರೊಡನೆ ಅಲ್ಲಿಯ ಬೆಟ್ಟದ ಹಾವುರಾಣಿಯೊಂದನ್ನು ಅಭ್ಯಸಿಸಿದರು. ಅದಕ್ಕೆ ಮನುಷ್ಯನಂತೆ ಎಕ್ಸ್ ವೈ ತಂತುಗಳುಂಟು. ಆದರೂ ಗೂಡು ಬಹಳ ತಣ್ಣಗಿದ್ದರೆ ತಂತುವಿನಿಂದ ಹೆಣ್ಣಾಗಬೇಕಾದದ್ದು ಗಂಡಾಗುತ್ತದೆ ಎಂದು ೨೦೦೮ರಲ್ಲಿ ಅವರು ಸಂಗಡಿಗರೊಡನೆ ತೋರಿಸಿದರು. ಮರುವರ್ಷ ಇನ್ನೂ ವಿಚಿತ್ರವಾದದ್ದು ಹೊರಬಿತ್ತು. ಅದೇ ತಂಪಿನಲ್ಲಿ ದೊಡ್ಡ ತತ್ತಿಯಿಂದ ಹೆಣ್ಣು, ಚಿಕ್ಕ ತತ್ತಿಯಿಂದ ಗಂಡು; ದೊಡ್ಡ ತತ್ತಿಯೊಳಗಿನ ಭಂಡಾರವನ್ನು ಸ್ವಲ್ಪ ತೆಗೆದರೆ ಗಂಡು, ಚಿಕ್ಕದಕ್ಕೆ ಕೂಡಿಸಿದರೆ ಹೆಣ್ಣು. ತಂತು, ಕಾವು, ತಾಯಿ ಕಟ್ಟಿಕೊಟ್ಟ ಬುತ್ತಿ ಎಂಬ ಮೂರೂ ಕೂಡಿ ಪಂಚಾಯತಿ ನಡೆಸಿ ತೀರ್ಪು ಕೊಡುವವು ಎಂದಾಯಿತು.

ಇಂಥ ಏರ್ಪಾಡಿನಿಂದ ಪ್ರಾಣಿಗೆ ಲಾಭವೇನು? ಗಂಡಿಗೆ ಅನುಕೂಲವಾದ ಕಾವಿನಲ್ಲಿ ಗಂಡೂ ಹೆಣ್ಣಿಗೆ ಅನುಕೂಲವಾದ ಕಾವಿನಲ್ಲಿ ಹೆಣ್ಣೂ ಹುಟ್ಟಿದರೆ ವಂಶವು ಹೆಚ್ಚು ಬೆಳೆಯುವದೆಂದು ೧೯೭೭ರಲ್ಲಿ ಚಾರ್ನೋವ್ ಮತ್ತು ಬುಲ್ ತರ್ಕಿಸಿದರು. ತರ್ಕವನ್ನು ಪ್ರತ್ಯಕ್ಷಕ್ಕೆ ತಂದವರು ವಾರ್ನರ್ ಮತ್ತು ಶೈನ್. ಓತಿಯ ಬಂಧುವಾದ ಒಂದು ಆಸ್ಟ್ರೇಲಿಯಾದ ಹಲ್ಲಿಯ ಮರಿಗಳನ್ನು ಅವರು ವರ್ಷಗಟ್ಟಲೆ ಸಾಕಿ ಅವುಗಳ ಸಂತಾನವನ್ನು ಎಣಿಸಿ ೨೦೦೮ರಲ್ಲಿ ಆ ತರ್ಕಕ್ಕೆ ಬಲ ತಂದರು. ಕಾವು ಒಳಗೆ ಹೇಗೆ ಕೆಲಸ ಮಾಡುವದೆಂಬದೂ ಈಗೀಗ ತಿಳಿಯಹತ್ತಿದೆ. ಒಂದು ಆಮೆಯಲ್ಲಿ ತಂಪು ಕಾವು ಒಂದು ಜೀನಿನ ಬೀಗವನ್ನು ತೆಗೆಯುತ್ತದೆಂದೂ, ಅದು ಗಂಡುತನದ ಇನ್ನೊಂದು ಜೀನನ್ನು ಎಬ್ಬಿಸುವದೆಂದೂ ೨೦೧೮ರಲ್ಲಿ ಚೀನಾ ಮತ್ತು ಅಮೇರಿಕೆಯ ವಿದ್ವಾಂಸರು ಕೂಡಿ ತೋರಿಸಿದರು.

ಇಷ್ಟು ಕೇಳಿದ ವಾಚಕರಲ್ಲಿ ಕೆಲವರು, ಹಲ್ಲಿ ಆಮೆಗಳ ಗಂಡುಹೆಣ್ಣಿನಿಂದ ನಮಗೇನು ಎನ್ನಬಹುದು. ಅದಕ್ಕೆ ಎರಡು ಮಾತು ಹೇಳಿ ಮುಗಿಸುವೆನು.

ಮೊದಲನೆಯದು ಭೂಮಿಯ ಕಾವಿನ ಮಾತು. ಆಸ್ಟ್ರೇಲಿಯಾದ ಬಡಗಣ ಹವಳದ ದಂಡೆಗಳಲ್ಲಿ ಹುಟ್ಟಿದ ಕಡಲಾಮೆಗಳ ಎಳೆಯ ಪೀಳಿಗೆಯಲ್ಲಿ ನೂರಕ್ಕೆ ೯೯ ಹೆಣ್ಣುಗಳೆಂದು ೨೦೧೮ರಲ್ಲಿ ಗೊತ್ತಾಯಿತು. ಮಳಲು ಅಷ್ಟು ಕಾದಿದೆ. ತತ್ತಿಗಳನ್ನು ಕಾಪಾಡಬೇಕೆಂಬ ಒಳ್ಳೆಯ ಬುದ್ಧಿಯಿಂದ ಪೆಟ್ಟಿಗೆಯಲ್ಲಿಟ್ಟು ಮರಿ ಮಾಡಿಸುವವರು ಸಹ ಅರಿಯದೆ ಒಂದೇ ಲಿಂಗದ ಮರಿಗಳನ್ನು ಹುಟ್ಟಿಸುವ ಅಪಾಯವಿದೆಯೆಂದು ೧೯೮೦ರಲ್ಲಿಯೇ ಮ್ರೊಸೊವ್ಸ್ಕಿ ಮತ್ತು ಯಿಂಟೆಮಾ ಎಂಬವರು ಎಚ್ಚರಿಸಿದ್ದರು. ದಯೆಗೂ ವಿದ್ಯೆಯ ಬೆಂಬಲ ಬೇಕು. ಪ್ರಯೋಗಶಾಲೆಯ ಸ್ಥಿರವಾದ ಕಾವು ಬೇರೆ, ನಮ್ಮ ಹೊಲದ ಬದುವಿನಲ್ಲಿ ಹಗಲಿರುಳು ಏರಿಳಿಯುವ ಕಾವು ಬೇರೆ ಎಂಬದು ನಿಜ. ಆದರೂ ಬೇಲಿಯನ್ನು ಕಿತ್ತು ತಂತಿ ಎಳೆದಾಗ, ಬದುವಿನ ಜಾಲಿ ಬೇವುಗಳನ್ನು ಕಡಿದಾಗ, ನಾವು ನೆರಳನ್ನು ತೆಗೆಯುತ್ತೇವೆ. ನೆರಳನ್ನು ತೆಗೆದಾಗ ಮಣ್ಣಿನ ಕಾವನ್ನು ಬದಲಿಸುತ್ತೇವೆ. ಸ್ಥಳದ ಆಯ್ಕೆಯೊಂದನ್ನೇ ಬಲ್ಲ ತಾಯಿಗೆ ಆಯ್ಕೆಯನ್ನೇ ಇಲ್ಲದಂತೆ ಮಾಡುವದು ಸಣ್ಣ ಅನ್ಯಾಯವಲ್ಲ. ಓತಿಯು ಹೊಲದ ಹುಳುಹುಪ್ಪಡಿಗಳನ್ನು ತಿಂದು ರೈತನ ಕೆಲಸವನ್ನು ಮಾಡುವ ಪ್ರಾಣಿ ಎಂಬದನ್ನೂ ಮರೆಯಲಾಗದು.

ಎರಡನೆಯದು ನಮ್ಮ ಮನೆಗಳ ಮಾತು. ಗರ್ಭದಲ್ಲಿ ಲಿಂಗವು ವ್ಯಕ್ತವಾಗುವ ಮೊದಲೇ ಪುಂಸವನವೆಂಬ ಸಂಸ್ಕಾರವನ್ನು ಮಾಡಬೇಕೆಂದು ನಮ್ಮ ಶಾಸ್ತ್ರಗಳು ವಿಧಿಸಿದವು. ಗರ್ಭ ನಿಂತ ಮೇಲೆಯೂ ಕೆಲವು ಕಾಲ ನಿರ್ಣಯವಾಗದೆ ಇರುವದೆಂಬದೇ ಅದರ ಹಿಂದಿನ ಭಾವನೆ. ಅಂಥ ಕಾಲಾವಕಾಶವು ಆಮೆ ಮೊಸಳೆಗಳ ತತ್ತಿಯಲ್ಲಿ ನಿಜವಾಗಿಯೂ ಇದೆ, ಮನುಷ್ಯಗರ್ಭದಲ್ಲಿ ಇಲ್ಲ. ಅಲ್ಲಿ ತೀರ್ಪು ಮೊದಲ ಕ್ಷಣದಲ್ಲಿಯೇ ಆಗುತ್ತದೆ, ತಂದೆಯು ಕೊಟ್ಟ ತಂತುವಿನಿಂದ ಆಗುತ್ತದೆ. ತಾಯಿ ಉಂಡ ಊಟವಾಗಲಿ, ಅವಳು ಕಟ್ಟಿದ ಹರಕೆಯಾಗಲಿ, ಮಾಡಿದ ಉಪವಾಸವಾಗಲಿ ಅದನ್ನು ಬದಲಿಸಲಾರದು. ಹೀಗಿದ್ದೂ ಎರಡನೆಯ ಮೂರನೆಯ ಹೆಣ್ಣುಕೂಸು ಹುಟ್ಟಿದಾಗ ಬಾಣಂತಿಯ ಕೋಣೆಯಲ್ಲಿ ಯಾರ ಕಡೆಗೆ ಕಣ್ಣುಗಳು ತಿರುಗುತ್ತವೆಂಬದನ್ನು ನಮ್ಮ ಭಾಗದ ಯಾವ ಮನೆತನದವರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಭ್ರೂಣದ ಲಿಂಗವನ್ನು ಪತ್ತೆ ಮಾಡುವದನ್ನು ನಿಷೇಧಿಸಿ ೧೯೯೪ರಲ್ಲಿ ಸರಕಾರವು ಕಾನೂನು ಮಾಡಬೇಕಾಯಿತೆಂದರೆ ರೋಗವು ಎಷ್ಟು ಆಳಕ್ಕೆ ಇಳಿದಿತ್ತೆಂಬದನ್ನು ಊಹಿಸಬಹುದು.

ಓತಿಯ ತಾಯಿಯು ಮಣ್ಣಿಗೆ ತತ್ತಿಯನ್ನೊಪ್ಪಿಸಿ ಹೋಗುತ್ತದೆ. ಗಂಡೋ ಹೆಣ್ಣೋ ಎಂದು ಅದನ್ನು ಯಾರೂ ಕೇಳುವದಿಲ್ಲ. ನಮ್ಮ ತಾಯಂದಿರನ್ನು ಮಾತ್ರ, ಉತ್ತರವು ಅವರ ಕೈಯಲ್ಲಿ ಇಲ್ಲದಾಗಲೂ, ಕೇಳುತ್ತ ಬಂದಿದ್ದೇವೆ. ನೆಟ್ಟೀ ಸ್ಟೀವನ್ಸಳಿಂದ ಧಾರವಾಡದ ಲಕ್ಷ್ಮೀ ದೊಡ್ಡಮನಿಯವರ ವರೆಗೆ ಈ ಪ್ರಶ್ನೆಯ ದೊಡ್ಡ ದೊಡ್ಡ ಗಂಟುಗಳನ್ನು ಬಿಚ್ಚಿದವರಲ್ಲಿ ಎಷ್ಟೊಂದು ಮಂದಿ ಹೆಣ್ಣುಮಕ್ಕಳೆಂಬದನ್ನು ವಾಚಕರು ಗಮನಿಸಿರಬಹುದು. ಅವರ ಜನನದ ದಿನ ಅವರವರ ಮನೆಗಳಲ್ಲಿ ಸಕ್ಕರೆ ಹಂಚಿದ್ದರೋ ಇಲ್ಲವೋ ತಿಳಿಯದು. ಇನ್ನು ಮೇಲೆ ನಮ್ಮ ಮನೆಗಳಲ್ಲಿ ಹಂಚುವದು ನಮ್ಮ ಕೈಯಲ್ಲಿಯೇ ಇದೆ.